ಅಂಗಾಲಿನ ನರಹುಲಿ

ಅಂಗಾಲಿನ ನರಹುಲಿ ಎಂಬುದು ಪಾದದ ತಳಭಾಗದ ಚರ್ಮಕ್ಕೆ ಹ್ಯೂಮನ್ ಪ್ಯಾಪಿಲೋಮ ವೈರಸ್ ಎಂಬ ವೈರಾಣು ತಗಲುವುದರಿಂದ ಉಂಟಾಗುವ ಗಡುಸಾದ ಬೆಳವಣಿಗೆ. ವೈದ್ಯಶಾಸ್ತ್ರದಲ್ಲಿ ಇದನ್ನು ವೆರುಕಾ ಪ್ಲಾಂಟಾರಿಸ್ ಅಥವಾ ಪ್ಲಾಂಟಾರ್ ವಾರ್ಟ್ ಎಂದು ಕರೆಯುತ್ತಾರೆ. ಇದು ಹೆಚ್ಚಾಗಿ ಶಾಲಾ ವಯಸ್ಸಿನ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕಂಡುಬರುತ್ತದೆ. ಪ್ರಾಣಾಪಾಯಕರವಲ್ಲ, ಬಹುಪಾಲು ತಾನಾಗಿಯೇ ಮಾಯವಾಗುತ್ತದೆ. ಆದರೂ ನಡೆಯುವಾಗ ನೋವು ಕೊಡುವುದರಿಂದಲೂ, ಆಣಿ, ಮುರಿದುಳಿದ ಮುಳ್ಳು, ಕುಷ್ಠದ ಹುಣ್ಣು, ಅಪರೂಪಕ್ಕೆ ಚರ್ಮದ ಕ್ಯಾನ್ಸರ್ ಮೊದಲಾದವುಗಳೊಡನೆ ಇದನ್ನು ತಪ್ಪಾಗಿ ಗುರುತಿಸುವ ಸಂಭವ ಇರುವುದರಿಂದಲೂ ಇದರ ಲಕ್ಷಣಗಳನ್ನು ತಿಳಿದಿರುವುದು ಅವಶ್ಯ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳಂತಹ ಎರೆನಾಡಿನಲ್ಲಿ, ಬರಿಗಾಲಿನಲ್ಲಿ ಹೊಲಕ್ಕೆ ಹೋಗುವವರು ಇಂದಿಗೂ ಇರುವ ಕಡೆ, ಈ ಗೊಂದಲ ಇನ್ನಷ್ಟು ಹೆಚ್ಚು.

ಹೆಸರು

ಕನ್ನಡದಲ್ಲಿ ಚರ್ಮದ ಮೇಲಿನ ಈ ಬಗೆಯ ಗಂಟಿಗೆ ನರಹುಲಿ ಎಂಬ ಹೆಸರಿದೆ. ಆಡುಮಾತಿನಲ್ಲಿ ನರೂಲಿ ಎಂದೂ ಹೇಳುವುದುಂಟು. ಹೆಸರಿನಲ್ಲಿ 'ನರ' ಎಂಬ ಶಬ್ದವಿದ್ದರೂ ನರಮಂಡಲಕ್ಕೂ ಈ ರೋಗಕ್ಕೂ ಯಾವ ಸಂಬಂಧವೂ ಇಲ್ಲ. ಕೈಬೆರಳು, ಮೊಣಕಾಲು, ಕತ್ತು ಮುಂತಾದ ಕಡೆ ಏಳುವ ಗಂಟನ್ನು ಜನರು ಸುಲಭವಾಗಿ ನರಹುಲಿ ಎಂದು ಗುರುತಿಸುತ್ತಾರೆ. ಅದೇ ಗಂಟು ಅಂಗಾಲಿನಲ್ಲಿ ಆದರೆ ಮಾತ್ರ ಅದಕ್ಕೆ 'ಆಣಿ' ಎಂಬ ಹೆಸರು ಬೀಳುತ್ತದೆ. ಆಣಿ ಎಂದರೆ ಮೊಳೆ. ಕಾಲಿನೊಳಗೆ ಮೊಳೆ ಹೊಡೆದಂತೆ ನೋಯುವುದರಿಂದ ಬಂದ ಹೆಸರು ಅದು. ಆದರೆ ನಿಜವಾದ ಆಣಿ ಒತ್ತಡದಿಂದ ಆಗುವಂಥದ್ದು, ನರಹುಲಿ ಸೋಂಕಿನಿಂದ ಆಗುವಂಥದ್ದು. ಮೊದಲನೆಯದು ಒಬ್ಬರಿಂದ ಒಬ್ಬರಿಗೆ ಹರಡದು, ಎರಡನೆಯದು ಹರಡುತ್ತದೆ. ಎರಡಕ್ಕೂ ಒಂದೇ ಹೆಸರು ಇರುವುದೇ ಅನೇಕ ತಪ್ಪು ಚಿಕಿತ್ಸೆಗಳ ಮೂಲ.

ಈ ಭೇದವನ್ನು ನಮ್ಮ ಪ್ರಾಚೀನ ವೈದ್ಯರು ಗಮನಿಸಿದ್ದರು ಎಂಬುದು ಕುತೂಹಲದ ಸಂಗತಿ. ಸುಶ್ರುತ ಸಂಹಿತೆಯಲ್ಲಿ ಚರ್ಮದ ಮೇಲೆ ಮೊಳೆಯಂತೆ ಏಳುವ ಬೆಳವಣಿಗೆಯನ್ನು 'ಚರ್ಮಕೀಲ' ಎಂದು ಅರ್ಶಸ್ಸಿನ ಪ್ರಕರಣದಲ್ಲಿ ಹೇಳಿದ್ದರೆ, ಕಲ್ಲು ಮುಳ್ಳುಗಳ ಪೆಟ್ಟಿನಿಂದ ಪಾದದಲ್ಲಿ ಆಗುವ ಗಟ್ಟಿ ಗಂಟನ್ನು 'ಕದರ' ಎಂದು ಕ್ಷುದ್ರರೋಗಗಳ ಪ್ರಕರಣದಲ್ಲಿ ಬೇರೆಯಾಗಿ ವಿವರಿಸಲಾಗಿದೆ. ಸುಮಾರಾಗಿ ಮೊದಲನೆಯದು ಇಂದಿನ ನರಹುಲಿಗೂ ಎರಡನೆಯದು ಆಣಿಗೂ ಹೊಂದುತ್ತದೆ.

ಕಾರಣ

ಹ್ಯೂಮನ್ ಪ್ಯಾಪಿಲೋಮ ವೈರಸ್ಸಿನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಅಂಗಾಲಿನ ನರಹುಲಿಗೆ ಮುಖ್ಯವಾಗಿ 1, 2, 4, 27 ಮತ್ತು 57ನೆಯ ಬಗೆಗಳು ಕಾರಣ. ಅಂಗಾಲಿನ ಚರ್ಮ ದಪ್ಪವಾಗಿದ್ದು ಗಟ್ಟಿಯಾಗಿರುವುದರಿಂದ ವೈರಾಣು ನೇರವಾಗಿ ಒಳಹೋಗಲಾರದು. ಅದಕ್ಕೆ ಒಂದು ದಾರಿ ಬೇಕು. ಹಿಮ್ಮಡಿಯ ಬಿರುಕು, ಮುಳ್ಳು ಚುಚ್ಚಿದ ಜಾಗ, ಚಪ್ಪಲಿಯ ಬಾರು ಉಜ್ಜಿ ಕಿತ್ತ ಚರ್ಮ, ಬಹಳ ಹೊತ್ತು ನೀರಿನಲ್ಲಿದ್ದು ಮೆತ್ತಗಾದ ಪಾದ, ಇವು ಅಂತಹ ದಾರಿಗಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಗಾಯವೂ ಸಾಕು.

ಒಳಹೊಕ್ಕ ವೈರಾಣು ಹೊರಚರ್ಮದ ತಳದ ಪದರದಲ್ಲಿರುವ ಜೀವಕೋಶಗಳನ್ನು ಸೇರುತ್ತದೆ. ಆ ಕೋಶಗಳು ಅತಿಯಾಗಿ ವಿಭಜನೆಗೊಂಡು ಮೇಲೆ ಬರುತ್ತವೆ. ಉಗುರು ಕೂದಲುಗಳಲ್ಲಿರುವ ಕೆರಟಿನ್ ಎಂಬ ಗಡುಸು ಪದಾರ್ಥ ಅಲ್ಲಿ ರಾಶಿಗೊಳ್ಳುತ್ತದೆ. ಕೈಯ ಮೇಲೆ ಆದರೆ ಇದು ಹೊರಗೆ ಉಬ್ಬಿ ಹೂಕೋಸಿನಂತೆ ಕಾಣಿಸುತ್ತದೆ. ಅಂಗಾಲಿನಲ್ಲಾದರೋ ಮೇಲಿನಿಂದ ಇಡೀ ದೇಹದ ಭಾರ ಬೀಳುವುದರಿಂದ ಹೊರಗೆ ಬೆಳೆಯಲು ಅವಕಾಶವಿಲ್ಲದೆ ಒಳಮುಖವಾಗಿ ಒತ್ತಲ್ಪಡುತ್ತದೆ. ನಡೆಯುವಾಗ ಚೂಪುಗಲ್ಲಿನ ಮೇಲೆ ಕಾಲಿಟ್ಟಂತೆ ನೋವಾಗುವುದು ಈ ಕಾರಣದಿಂದ.

ನರಹುಲಿಗೆ ಬೇರು ಇರುತ್ತದೆ, ಅದನ್ನು ಪೂರ್ತಿ ಕಿತ್ತರೆ ಮತ್ತೆ ಬಾರದು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ನರಹುಲಿ ಎಷ್ಟೇ ಆಳವಾಗಿ ಕಂಡರೂ ಹೊರಚರ್ಮಕ್ಕೆ ಮಾತ್ರ ಸೀಮಿತ. ಒಳಚರ್ಮವನ್ನಾಗಲಿ, ಎಲುಬನ್ನಾಗಲಿ ಅದು ಮುಟ್ಟುವುದಿಲ್ಲ. ಆಳವಾಗಿ ಕೆತ್ತಿದರೆ ಗಾಯವಷ್ಟೇ ಆಗುತ್ತದೆ. ಸುತ್ತಲಿನ ಆರೋಗ್ಯವಂತವಾಗಿ ಕಾಣುವ ಚರ್ಮದಲ್ಲಿಯೂ ವೈರಾಣು ಉಳಿದಿರುವುದರಿಂದ ನರಹುಲಿ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು.

ಸೋಂಕು ತಗಲಿದ ಮೇಲೆ ಗಂಟು ಕಾಣಿಸಿಕೊಳ್ಳಲು ಸಾಮಾನ್ಯವಾಗಿ 1ರಿಂದ 6 ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಹಾಗಾಗಿ ಎಲ್ಲಿ, ಯಾರಿಂದ ಬಂತು ಎಂದು ಹುಡುಕುವುದು ವ್ಯರ್ಥ. ವೈರಾಣು ಒಣ ನೆಲದ ಮೇಲೂ ಬಹುಕಾಲ ಬದುಕುತ್ತದೆ. ಸಾರ್ವಜನಿಕ ಈಜುಕೊಳಗಳೇ ಇದರ ತವರು ಎಂದು ಪಾಶ್ಚಾತ್ಯ ಪುಸ್ತಕಗಳು ಬಹಳ ಕಾಲ ಹೇಳುತ್ತಾ ಬಂದವು. ಆದರೆ ನೆದರ್ಲೆಂಡ್ಸ್ ದೇಶದ ಪ್ರಾಥಮಿಕ ಶಾಲಾ ಮಕ್ಕಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮನೆಯಲ್ಲಿ ಯಾರಿಗಾದರೂ ನರಹುಲಿ ಇರುವುದು ಮತ್ತು ಒಂದೇ ತರಗತಿಯ ಸಹಪಾಠಿಗಳಲ್ಲಿ ಇರುವುದು, ಇವೆರಡೇ ಮುಖ್ಯ ಕಾರಣಗಳೆಂದು ತೋರಿಸಿತು. ಈಜುಕೊಳವೇ ಇಲ್ಲದ ನಮ್ಮ ಹಳ್ಳಿಗಳ ಮಕ್ಕಳಿಗೂ ನರಹುಲಿ ಏಕೆ ಬರುತ್ತದೆ ಎಂಬುದಕ್ಕೆ ಇದು ಸಮರ್ಪಕ ಉತ್ತರ. ಒಂದೇ ಬಚ್ಚಲು, ಒಂದೇ ಕಾಲೊರಸು, ಅಣ್ಣನ ಚಪ್ಪಲಿಯನ್ನು ತಮ್ಮ ಮೆಟ್ಟುವ ರೂಢಿ, ವಸತಿನಿಲಯದ ಸಾಮೂಹಿಕ ಸ್ನಾನಗೃಹ, ಇಷ್ಟು ಸಾಕು.

ಗುರುತಿಸುವ ಬಗೆ

ಅಂಗಾಲಿನ ನರಹುಲಿಯನ್ನು ಗುರುತಿಸಲು ಸಾಮಾನ್ಯವಾಗಿ ಯಾವ ರಕ್ತಪರೀಕ್ಷೆಯೂ ಬೇಕಿಲ್ಲ. ಕಾಲನ್ನು ಚೆನ್ನಾಗಿ ತೊಳೆದು, ಒರೆಸಿ, ಬೆಳಕಿನಲ್ಲಿ ನೋಡಿದರೆ ಸಾಕು. ತೊಳೆಯುವುದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ: ಎರೆಮಣ್ಣು ಅಂಗಾಲಿನ ಗೆರೆಗಳಲ್ಲಿಯೂ ಬಿರುಕುಗಳಲ್ಲಿಯೂ ಸೇರಿಕೊಂಡು ಕಪ್ಪು ಚುಕ್ಕೆಗಳಂತೆ ಕಾಣುತ್ತದೆ.

ನೋಡಬೇಕಾದ ಮೊದಲ ಗುರುತು ಚರ್ಮದ ಗೆರೆಗಳು. ಬೆರಳಚ್ಚಿನಲ್ಲಿರುವಂಥ ಸೂಕ್ಷ್ಮ ಗೆರೆಗಳು ಅಂಗಾಲಿನಲ್ಲೂ ಇರುತ್ತವೆ. ಆಣಿಯಲ್ಲಿಯೂ ಜಡ್ಡುಗಟ್ಟಿದ ಚರ್ಮದಲ್ಲಿಯೂ ಈ ಗೆರೆಗಳು ಗಂಟಿನ ಮೇಲೆ ಹಾಯ್ದು ಮುಂದುವರಿಯುತ್ತವೆ. ನರಹುಲಿಯಲ್ಲಿ ಅವು ಗಂಟಿನ ಅಂಚಿನವರೆಗೆ ಬಂದು ಕಡಿದು ಹೋಗುತ್ತವೆ ಅಥವಾ ಅದನ್ನು ಸುತ್ತಿಕೊಂಡು ಹೋಗುತ್ತವೆ.

ಎರಡನೆಯದು ಕಪ್ಪು ಅಥವಾ ಕಂದು ಚುಕ್ಕೆಗಳು. ಇವನ್ನು ಜನರು ಬೀಜ ಎನ್ನುತ್ತಾರೆ. ಅವು ಬೀಜಗಳೂ ಅಲ್ಲ, ಮಣ್ಣಿನ ಕಣಗಳೂ ಅಲ್ಲ. ನರಹುಲಿಯೊಳಗೆ ಬೆಳೆದ ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ ಗುರುತುಗಳು. ವೈದ್ಯರು ಮೇಲಿನ ಗಡುಸು ಪದರವನ್ನು ನಯವಾಗಿ ಹೆರೆದಾಗ ಈ ಚುಕ್ಕೆಗಳಿಂದ ಸೂಜಿಮೊನೆಯಷ್ಟು ರಕ್ತ ಜಿನುಗುತ್ತದೆ. ಆಣಿಯನ್ನು ಹೆರೆದರೆ ನಡುವೆ ಗಾಜಿನಂತೆ ಹೊಳೆಯುವ ಗಟ್ಟಿ ತಿರುಳು ಕಾಣಿಸುತ್ತದೆ, ರಕ್ತ ಬರುವುದಿಲ್ಲ. ಜಡ್ಡುಗಟ್ಟಿದ ಚರ್ಮದಲ್ಲಿ ತಿರುಳೂ ಇಲ್ಲ, ಚುಕ್ಕೆಯೂ ಇಲ್ಲ.

ಮೂರನೆಯದು ನೋವಿನ ಬಗೆ. ಗಂಟನ್ನು ಮೇಲಿನಿಂದ ಹೆಬ್ಬೆರಳಿನಿಂದ ನೇರವಾಗಿ ಒತ್ತಿದಾಗ ಹೆಚ್ಚು ನೋವಾದರೆ ಅದು ಆಣಿ ಇರಬಹುದು. ಎರಡು ಬೆರಳುಗಳ ನಡುವೆ ಹಿಡಿದು ಅಕ್ಕಪಕ್ಕದಿಂದ ಹಿಸುಕಿದಾಗ ಹೆಚ್ಚು ನೋವಾದರೆ ನರಹುಲಿ ಇರುವ ಸಂಭವ ಹೆಚ್ಚು. ಇದು ಪೂರ್ಣ ನಂಬಲರ್ಹವಾದ ಪರೀಕ್ಷೆಯಲ್ಲವಾದರೂ ಮೊದಲಿನ ಎರಡು ಗುರುತುಗಳೊಡನೆ ಸೇರಿಸಿ ನೋಡಿದಾಗ ಉಪಯುಕ್ತ.

ಜಾಗವೂ ಸುಳಿವು ಕೊಡುತ್ತದೆ. ಆಣಿ ಎಲುಬು ಒತ್ತುವ ಕಡೆ ಮಾತ್ರ ಆಗುತ್ತದೆ. ನರಹುಲಿ ಭಾರ ಬೀಳದ ಕಡೆ, ಉದಾಹರಣೆಗೆ ಅಂಗಾಲಿನ ಕಮಾನಿನ ಭಾಗದಲ್ಲಿಯೂ ಆಗಬಹುದು. ಹಲವು ಸಣ್ಣ ನರಹುಲಿಗಳು ಒತ್ತೊತ್ತಾಗಿ ಸೇರಿ ಹಾಸುಗಲ್ಲು ಜೋಡಿಸಿದಂತೆ ಕಾಣುವುದಕ್ಕೆ ಮೊಸಾಯಿಕ್ ನರಹುಲಿ ಎಂದು ಹೆಸರು. ಇವು ನೋಯುವುದು ಕಡಿಮೆ, ಆದರೆ ಗುಣವಾಗುವುದು ನಿಧಾನ. ಒಂಟಿಯಾಗಿ ಆಳಕ್ಕೆ ಇಳಿದಿರುವ ನರಹುಲಿ ಹೆಚ್ಚು ನೋಯುತ್ತದೆ.

ನರಹುಲಿಯೆಂದು ಭ್ರಮಿಸಬಹುದಾದ ಇತರ ರೋಗಗಳು

ಈ ಭಾಗದಲ್ಲಿ ಅತಿ ಸಾಮಾನ್ಯವಾದ ಭ್ರಮೆ ಮುಳ್ಳಿನದು. ನೆಗ್ಗಿನಮುಳ್ಳು, ಜಾಲಿಮುಳ್ಳು, ಅದರಲ್ಲೂ ಹಳ್ಳದ ದಂಡೆ ಮತ್ತು ಬದುಗಳನ್ನು ಆವರಿಸಿಕೊಂಡಿರುವ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಒಳಗೇ ಉಳಿದರೆ ಅದರ ಸುತ್ತ ಗಟ್ಟಿ ಗಂಟು ಕಟ್ಟುತ್ತದೆ. ನಡುವೆ ಒಂದು ಕಪ್ಪು ಚುಕ್ಕೆಯೂ ಕಾಣಬಹುದು. ಮುಳ್ಳಾದರೆ ಸಾಮಾನ್ಯವಾಗಿ ಚುಕ್ಕೆ ಒಂದೇ ಇರುತ್ತದೆ, ಚುಚ್ಚಿದ ದಿನ ನೆನಪಿರುತ್ತದೆ, ಕೀವು ಬರಬಹುದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯನ್ನು ಅಕ್ಷರಶಃ ಪಾಲಿಸಿ ಪಿನ್ನು, ಸೂಜಿ, ಇನ್ನೊಂದು ಮುಳ್ಳುಗಳಿಂದ ನರಹುಲಿಯನ್ನು ಕೆದಕಿದರೆ ಸೋಂಕು ಸುತ್ತಲಿನ ಚರ್ಮಕ್ಕೆ ಬಿತ್ತಿದಂತಾಗುತ್ತದೆ; ಧನುರ್ವಾಯುವಿನ ಭಯವೂ ಉಂಟು.

ಬರಿಗಾಲಿನ ರೈತರಲ್ಲಿ ಮುಳ್ಳು ಚುಚ್ಚಿದ ಜಾಗದಿಂದ ಮಣ್ಣಿನ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಒಳಹೊಕ್ಕು ಉಂಟಾಗುವ ಮೈಸಿಟೋಮ ಎಂಬ ರೋಗವಿದೆ. ತಮಿಳುನಾಡಿನ ಮಧುರೈಯಲ್ಲಿ 19ನೆಯ ಶತಮಾನದಲ್ಲಿ ವರ್ಣಿತವಾದ್ದರಿಂದ ಮಧುರಾ ಪಾದ ಎಂದೂ ಇದಕ್ಕೆ ಹೆಸರು. ಆರಂಭದಲ್ಲಿ ನೋವಿಲ್ಲದ ಸಣ್ಣ ಗಂಟಾಗಿದ್ದು, ತಿಂಗಳುಗಳು ಕಳೆದಂತೆ ಪಾದ ಊದಿ, ಹಲವು ರಂಧ್ರಗಳಾಗಿ, ಅವುಗಳಿಂದ ರವೆಯಂಥ ಕಣಗಳು ಹೊರಬರುತ್ತವೆ. ಎಲುಬನ್ನೂ ಹಾಳುಮಾಡುವ ರೋಗವಿದು. ದೊಡ್ಡದಾಗುತ್ತಾ ಹೋಗುವ, ನೋವಿಲ್ಲದ, ಸೋರುವ ಗಂಟನ್ನು ಆಣಿಯೆಂದು ಬಿಡಬಾರದು.

ಕುಷ್ಠರೋಗದಲ್ಲಿ ಪಾದದ ಸ್ಪರ್ಶಜ್ಞಾನ ಹೋಗಿ, ಒತ್ತಡ ಬೀಳುವ ಕಡೆ ಜಡ್ಡುಗಟ್ಟಿ ಅನಂತರ ಹುಣ್ಣಾಗುತ್ತದೆ. ಗಂಟಿನ ಸುತ್ತಲಿನ ಚರ್ಮಕ್ಕೆ ಹತ್ತಿಯ ಎಳೆ ಸೋಕಿಸಿದರೂ ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಕುಷ್ಠಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಔಷಧಿ ದೊರೆಯುತ್ತದೆ ಮತ್ತು ಅದು ಪೂರ್ಣ ಗುಣವಾಗುವ ರೋಗ.

ಕೊನೆಯದಾಗಿ, ಅಪರೂಪವಾದರೂ ಮರೆಯಬಾರದ ಒಂದು ಸಾಧ್ಯತೆ ಮೆಲನೋಮ ಎಂಬ ಕ್ಯಾನ್ಸರ್. ಕಂದು ಮೈಬಣ್ಣದ ಜನರಲ್ಲಿ ಮೆಲನೋಮ ಕಂಡುಬಂದಾಗ ಅದು ಅಂಗಾಲು, ಅಂಗೈ, ಉಗುರುಗಳಲ್ಲಿ ಆಗುವುದು ಹೆಚ್ಚು. ವಯಸ್ಸಾದವರ ಅಂಗಾಲಿನಲ್ಲಿ ಹೊಸದಾಗಿ ಕಾಣಿಸಿಕೊಂಡ, ಅಂಚು ಸೊಟ್ಟಪಟ್ಟಾದ, ಬಣ್ಣ ಹರಡುತ್ತಿರುವ ಕಪ್ಪು ಮಚ್ಚೆ, ತಾನಾಗಿ ರಕ್ತ ಸುರಿಯುವ ಗಂಟು, ವರ್ಷಗಟ್ಟಲೆ ಇದ್ದು ದುರ್ವಾಸನೆ ಬರುವಂತೆ ಬೆಳೆದ ಗಂಟು, ಇವನ್ನು ಪರೀಕ್ಷಿಸಿ, ಬೇಕಾದರೆ ಒಂದು ಚೂರು ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅರವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಬಂದ 'ನರಹುಲಿ'ಯನ್ನು ಸಂಶಯದಿಂದಲೇ ನೋಡುವುದು ಲೇಸು.

ರೋಣ, ನರಗುಂದ ಮತ್ತು ಗಜೇಂದ್ರಗಡ ಪ್ರದೇಶದಲ್ಲಿ

ಈ ಮೂರು ತಾಲೂಕುಗಳು ಧಾರವಾಡ ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಗದಗ ಜಿಲ್ಲೆಗೆ ಸೇರಿವೆ. ಗಜೇಂದ್ರಗಡ ಮೊದಲು ರೋಣ ತಾಲೂಕಿನಲ್ಲಿಯೇ ಇತ್ತು. ನೆಲ ಬಹುತೇಕ ಎರೆ; ಗಜೇಂದ್ರಗಡದ ಕಡೆ ಗುಡ್ಡ ಮತ್ತು ಮಸಾರಿ ಭೂಮಿಯೂ ಉಂಟು. ಎರೆಮಣ್ಣಿನ ಸ್ವಭಾವ ಪಾದಗಳ ಆರೋಗ್ಯಕ್ಕೆ ನೇರವಾಗಿ ಸಂಬಂಧಿಸಿದೆ. ಮಳೆಗಾಲದಲ್ಲಿ ಅದು ಚಪ್ಪಲಿಗೆ ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಭಾರವಾಗುತ್ತದೆ. ಆದ್ದರಿಂದ ರೈತರೂ ಕೂಲಿಯವರೂ ಹೊಲದ ಬದುವಿನಲ್ಲಿಯೇ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಇಳಿಯುತ್ತಾರೆ. ಚಪ್ಪಲಿ ಹಾಕಿಕೊಳ್ಳಿ ಎಂದು ಉಪದೇಶಿಸುವವರು ಒಮ್ಮೆ ಹಸಿ ಎರೆಯಲ್ಲಿ ಹತ್ತು ಮಾರು ನಡೆದು ನೋಡಬೇಕು. ಬೇಸಿಗೆಯಲ್ಲಿ ಅದೇ ನೆಲ ಬಾಯಿಬಿಟ್ಟು ಬಿರಿಯುತ್ತದೆ, ಹಿಮ್ಮಡಿಗಳೂ ಹಾಗೆಯೇ ಬಿರಿಯುತ್ತವೆ. ಹತ್ತಿಕಟಗಿ ಮತ್ತು ಗೋವಿನಜೋಳದ ಕೂಳೆಗಳು ಅಂಗಾಲಿಗೆ ಚುಚ್ಚುತ್ತವೆ. ಮಲಪ್ರಭಾ ಬಲದಂಡೆ ಕಾಲುವೆಯ ನೀರು ಬರುವ ನರಗುಂದದ ಕಡೆ ನೀರು ಹಾಯಿಸುವವರ ಕಾಲು ತಾಸುಗಟ್ಟಲೆ ಒದ್ದೆಯಾಗಿರುತ್ತದೆ. ವೈರಾಣುವಿಗೆ ಬೇಕಾದ ದಾರಿ ಹೀಗೆ ವರ್ಷದ ಎಲ್ಲ ಕಾಲದಲ್ಲೂ ತೆರೆದಿರುತ್ತದೆ.

ಗಜೇಂದ್ರಗಡ ನೇಕಾರಿಕೆಗೆ ಹೆಸರಾದ ಊರು. ಕುಣಿಮಗ್ಗದಲ್ಲಿ ಕುಳಿತು ಕಾಲಿನಿಂದ ಹಲಗೆಗಳನ್ನು ತುಳಿಯುವ ನೇಕಾರರ ಅಂಗಾಲಿನಲ್ಲಿ ಒಂದೇ ಜಾಗದಲ್ಲಿ ಒತ್ತಡ ಬೀಳುವುದರಿಂದ ಚರ್ಮ ಜಡ್ಡುಗಟ್ಟುತ್ತದೆ. ಇದು ನರಹುಲಿಯಲ್ಲ, ಇದಕ್ಕೆ ನರಹುಲಿಯ ಔಷಧಿಯೂ ಬೇಕಿಲ್ಲ. ಬಿಸಿನೀರಿನಲ್ಲಿ ನೆನೆಸಿ ಕಲ್ಲಿನಿಂದ ಉಜ್ಜಿ, ಎಣ್ಣೆ ಹಚ್ಚಿದರೆ ಮತ್ತು ತುಳಿಯುವ ಕಡೆ ಮೆತ್ತನೆಯ ಬಟ್ಟೆ ಕಟ್ಟಿದರೆ ಸಾಕಾಗುತ್ತದೆ.

ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಅಸಂಖ್ಯ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಅನೇಕರು ಬರಿಗಾಲಿನಲ್ಲಿಯೇ ನಡೆಯುತ್ತಾರೆ. ಹೊರಡುವ ಮೊದಲು ಕಾಲಿನ ಆಣಿ, ನರಹುಲಿಗಳನ್ನು 'ಸ್ವಚ್ಛ' ಮಾಡಿಕೊಳ್ಳಬೇಕೆಂದು ಬ್ಲೇಡಿನಿಂದ ಕೆತ್ತಿಕೊಂಡು ಹಸಿಗಾಯದೊಡನೆ ದಾರಿ ಹಿಡಿಯುವುದು ಅಪಾಯಕರ. ಚಿಕಿತ್ಸೆ ಬೇಕಿದ್ದರೆ ಎರಡು ಮೂರು ತಿಂಗಳು ಮುಂಚೆಯೇ ಆರಂಭಿಸಬೇಕು. ಇಲ್ಲವಾದರೆ ಯಾತ್ರೆ ಮುಗಿಸಿ ಬಂದ ಮೇಲೆ ಮಾಡಿಸಿಕೊಳ್ಳಬೇಕು.

ಶಾಲೆಗಳಲ್ಲಿ ಕಬಡ್ಡಿ, ಕೊಕ್ಕೊ ಆಟಗಳನ್ನು ಮಕ್ಕಳು ಬರಿಗಾಲಿನಲ್ಲಿಯೇ ಆಡುತ್ತಾರೆ. ನರಹುಲಿ ಇರುವ ಮಗುವನ್ನು ಆಟದಿಂದಾಗಲಿ ಶಾಲೆಯಿಂದಾಗಲಿ ದೂರ ಇಡುವ ಅಗತ್ಯವಿಲ್ಲ. ಗಂಟಿನ ಮೇಲೆ ಅಂಟುಪಟ್ಟಿ ಹಾಕಿ ಆಡಲು ಬಿಡಬಹುದು. ಕುಂಟುತ್ತಿರುವ ಮಗುವಿನ ಕಾಲನ್ನು ಶಿಕ್ಷಕರು ಒಮ್ಮೆ ತಿರುಗಿಸಿ ನೋಡಿದರೆ ಎಷ್ಟೋ ಸಲ ಕಾರಣ ಅಲ್ಲಿಯೇ ಸಿಗುತ್ತದೆ. ಮಕ್ಕಳು ತಾವಾಗಿ ಹೇಳುವುದು ಕಡಿಮೆ. ಸರಕಾರಿ ಶಾಲಾ ಮಕ್ಕಳಿಗೆ ಕರ್ನಾಟಕ ಸರಕಾರ ಶೂ ಮತ್ತು ಕಾಲುಚೀಲಗಳನ್ನು ಕೊಡುತ್ತಿದೆ. ಕಾಲುಚೀಲವನ್ನು ದಿನವೂ ಒಗೆದು ಒಣಗಿಸದಿದ್ದರೆ ಬೆವರಿನಿಂದ ಚರ್ಮ ಮೆತ್ತಗಾಗಿ ಅದರಿಂದಲೇ ಹೊಸ ತೊಂದರೆ.

ಚಿಕಿತ್ಸೆ

ಎಲ್ಲ ನರಹುಲಿಗಳಿಗೂ ಚಿಕಿತ್ಸೆ ಬೇಕಿಲ್ಲ. ದೇಹದ ರೋಗನಿರೋಧಕ ಶಕ್ತಿ ವೈರಾಣುವನ್ನು ಗುರುತಿಸಿದ ಕೂಡಲೇ ನರಹುಲಿ ಕಪ್ಪಾಗಿ, ಒಣಗಿ, ಗುರುತೂ ಉಳಿಯದಂತೆ ಹೋಗುತ್ತದೆ. ಮಕ್ಕಳ ನರಹುಲಿಗಳ ಬಗ್ಗೆ ಅಮೆರಿಕದಲ್ಲಿ ನಡೆದು 1963ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ಔಷಧಿಯೂ ಇಲ್ಲದೆ ಎರಡು ವರ್ಷಗಳಲ್ಲಿ ಮೂರರಲ್ಲಿ ಎರಡು ಪಾಲು ನರಹುಲಿಗಳು ಮಾಯವಾಗಿದ್ದವು. ದೊಡ್ಡವರಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ನೋವಿಲ್ಲದಿದ್ದರೆ, ಹೆಚ್ಚುತ್ತಿಲ್ಲದಿದ್ದರೆ, ಕಾಯುವುದೂ ಒಂದು ಚಿಕಿತ್ಸೆಯೇ. ನಾಟಿ ಔಷಧಿ, ಮಂತ್ರ, ಹರಕೆಗಳಿಗೆ ನರಹುಲಿಯ ವಿಷಯದಲ್ಲಿ ಇಷ್ಟೊಂದು ಕೀರ್ತಿ ಬರಲು ಇದೇ ಕಾರಣ: ಹರಕೆ ಹೊತ್ತರೂ ಹೊರದಿದ್ದರೂ ಬಹುಪಾಲು ಹೋಗುವಂಥದ್ದೇ.

ಸ್ಯಾಲಿಸಿಲಿಕ್ ಆಮ್ಲ ಮೊದಲ ಆಯ್ಕೆಯ ಔಷಧಿ. ಇದು ವೈರಾಣುವನ್ನು ಕೊಲ್ಲುವುದಿಲ್ಲ. ಸೋಂಕು ತಗಲಿದ ಗಡುಸು ಚರ್ಮವನ್ನು ಪದರ ಪದರವಾಗಿ ಕರಗಿಸುತ್ತದೆ ಮತ್ತು ಅದರಿಂದಾಗುವ ಸ್ವಲ್ಪ ಉರಿಯೂತ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುತ್ತದೆ. ಔಷಧಿ ಅಂಗಡಿಗಳಲ್ಲಿ ಸುಮಾರು ಶೇಕಡಾ 17ರಷ್ಟು ಸ್ಯಾಲಿಸಿಲಿಕ್ ಆಮ್ಲ ಇರುವ ದ್ರವ, ಅನೇಕ ಸಲ ಲ್ಯಾಕ್ಟಿಕ್ ಆಮ್ಲದೊಡನೆ ಸೇರಿ, ದೊರೆಯುತ್ತದೆ. ಶೇಕಡಾ 40ರಷ್ಟು ಇರುವ ಅಂಟುಪಟ್ಟಿಗಳೂ ಉಂಟು; ಆಣಿಗೆಂದು ಮಾರುವ ಕಾರ್ನ್ ಕ್ಯಾಪ್‌ಗಳಲ್ಲಿಯೂ ಇದೇ ಆಮ್ಲವಿರುತ್ತದೆ.

ಬಳಸುವ ಕ್ರಮ ಹೀಗಿದೆ. ರಾತ್ರಿ ಮಲಗುವ ಮುನ್ನ ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷ ನೆನೆಸಬೇಕು. ಮೆತ್ತಗಾದ ಮೇಲ್ಪದರವನ್ನು ಹಿಮ್ಮಡಿ ಉಜ್ಜುವ ಕಲ್ಲಿನಿಂದ ಅಥವಾ ಉಗುರು ಉಜ್ಜುವ ಪಟ್ಟಿಯಿಂದ ರಕ್ತ ಬಾರದಂತೆ ನಯವಾಗಿ ಉಜ್ಜಿ ತೆಗೆಯಬೇಕು. ಆ ಕಲ್ಲನ್ನು ಬೇರೆ ಯಾರೂ ಬಳಸಬಾರದು, ಬೇರೆ ಜಾಗದ ಚರ್ಮಕ್ಕೂ ಬಳಸಬಾರದು. ಕಾಲನ್ನು ಪೂರ್ತಿ ಒರೆಸಿ, ಗಂಟಿನ ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲೀನ್ ಸವರಿ, ಗಂಟಿನ ಮೇಲೆ ಮಾತ್ರ ಒಂದು ಹನಿ ಔಷಧಿ ಹಚ್ಚಬೇಕು. ಒಣಗಿದ ಮೇಲೆ ಅಂಟುಪಟ್ಟಿ ಹಾಕಿದರೆ ಔಷಧಿ ಚೆನ್ನಾಗಿ ಒಳಗೆ ಇಳಿಯುತ್ತದೆ. ಚರ್ಮ ಬೆಳ್ಳಗಾಗುವುದು ಸಹಜ. ಕೆಂಪಾಗಿ ಉರಿದರೆ ಕೆಲವು ದಿನ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಹೀಗೆ ದಿನವೂ, ಹನ್ನೆರಡು ವಾರಗಳವರೆಗೆ ಮಾಡಬೇಕಾಗುತ್ತದೆ. ಹೆಚ್ಚಿನವರು ಎರಡನೆಯ ವಾರದಲ್ಲಿಯೇ ಕೈಬಿಡುತ್ತಾರೆ. ಔಷಧಿ ಫಲ ಕೊಡಲಿಲ್ಲ ಎಂಬ ದೂರಿನ ಹಿಂದೆ ಬಹುಮಟ್ಟಿಗೆ ಇರುವುದು ಇದೇ. ಗಂಟು ಹೋಗಿ ಚರ್ಮದ ಗೆರೆಗಳು ಮತ್ತೆ ಅಖಂಡವಾಗಿ ಕಾಣಿಸಿದಾಗ ಗುಣವಾಯಿತೆಂದು ತಿಳಿಯಬೇಕು.

ಶೀತಚಿಕಿತ್ಸೆಯಲ್ಲಿ ವೈದ್ಯರು ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿ ಕುದಿಯುವ ದ್ರವ ಸಾರಜನಕವನ್ನು ಗಂಟಿನ ಮೇಲೆ ಸಿಂಪಡಿಸಿ ಹೆಪ್ಪುಗಟ್ಟಿಸುತ್ತಾರೆ. ಎರಡು ಮೂರು ವಾರಗಳಿಗೊಮ್ಮೆ ಹಲವು ಸಲ ಮಾಡಬೇಕು. ನೋವು ಮತ್ತು ಬೊಬ್ಬೆ ಸಾಮಾನ್ಯ. ಇದು ದುಬಾರಿಯಾದ್ದರಿಂದ ಹೆಚ್ಚು ಫಲಕಾರಿ ಎಂದು ಜನ ಭಾವಿಸುತ್ತಾರೆ. ಆದರೆ ಬ್ರಿಟನ್ನಿನಲ್ಲಿ ಅಂಗಾಲಿನ ನರಹುಲಿಯ 240 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಶೀತಚಿಕಿತ್ಸೆ ಪಡೆದವರಲ್ಲಿಯೂ ಶೇಕಡಾ 50ರ ಸ್ಯಾಲಿಸಿಲಿಕ್ ಆಮ್ಲ ಹಚ್ಚಿಕೊಂಡವರಲ್ಲಿಯೂ ಹನ್ನೆರಡು ವಾರಗಳ ಕೊನೆಗೆ ಪೂರ್ಣ ಗುಣವಾದವರು ಸಮಾನವಾಗಿ ಶೇಕಡಾ 14ರಷ್ಟು ಮಾತ್ರ. ಈ ಅಂಕಿ ನಿರಾಶಾದಾಯಕವಾಗಿ ಕಂಡರೂ ಎರಡು ಸಂಗತಿಗಳನ್ನು ಹೇಳುತ್ತದೆ: ಅಂಗಾಲಿನ ನರಹುಲಿ ಹಟಮಾರಿ, ಮತ್ತು ಕಡಿಮೆ ಬೆಲೆಯ ಔಷಧಿ ಹೆಚ್ಚಿನ ಬೆಲೆಯ ಚಿಕಿತ್ಸೆಗಿಂತ ಕೀಳಲ್ಲ.

ವಿದ್ಯುತ್ತಿನಿಂದ ಸುಡುವುದು, ಲೇಸರ್ ಹಾಗೂ ಕೆರೆದು ತೆಗೆಯುವ ಶಸ್ತ್ರಕ್ರಿಯೆಗಳನ್ನು ಸ್ಥಳೀಯ ಅರಿವಳಿಕೆ ಕೊಟ್ಟು ಮಾಡುತ್ತಾರೆ. ಅಂಗಾಲಿನಲ್ಲಿ ಗಾಯದ ಕಲೆ ಉಳಿದರೆ ಅದು ನರಹುಲಿಗಿಂತ ಹೆಚ್ಚು ಕಾಲ, ಕೆಲವೊಮ್ಮೆ ಜೀವನಪರ್ಯಂತ ನೋಯಬಹುದು. ಆದ್ದರಿಂದ ಇವು ಮೊದಲ ಆಯ್ಕೆಯಲ್ಲ.

ಹಲವಾರು ನರಹುಲಿಗಳಿದ್ದು ಬೇರಾವುದಕ್ಕೂ ಬಗ್ಗದಿದ್ದಾಗ ದೇಹದ ರೋಗನಿರೋಧಕ ಶಕ್ತಿಯನ್ನೇ ಪ್ರಚೋದಿಸುವ ಚಿಕಿತ್ಸೆಗಳಿವೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಯನ್ನು ಅಥವಾ ಡಿ3 ಜೀವಸತ್ವವನ್ನು ಒಂದು ಗಂಟಿನೊಳಗೆ ಚುಚ್ಚುವುದು ಭಾರತದಲ್ಲಿ ಚರ್ಮರೋಗ ತಜ್ಞರು ಅನುಸರಿಸುವ ವಿಧಾನಗಳು. ರೋಗಿಯ ನರಹುಲಿಯದೇ ಒಂದು ಚೂರನ್ನು ತೆಗೆದು ಅವನ ಮುಂದೋಳಿನ ಚರ್ಮದ ಕೆಳಗೆ ಇರಿಸುವ ಸ್ವಯಂ ನಾಟಿ ಎಂಬ ವಿಧಾನವೂ ಇದೆ. ಈ ಬಗ್ಗೆ 2009ರಲ್ಲಿ ಪ್ರಕಟವಾದ ಗಮನಾರ್ಹ ವರದಿ ನಮ್ಮ ರಾಜ್ಯದ ದಾವಣಗೆರೆಯಿಂದಲೇ ಬಂದದ್ದು. ಒಂದು ಗಂಟಿಗೆ ಚಿಕಿತ್ಸೆ ಮಾಡಿದರೆ ದೂರದ ಗಂಟುಗಳೂ ಮಾಯವಾಗುವುದು ಈ ಬಗೆಯ ಚಿಕಿತ್ಸೆಗಳ ವಿಶೇಷ.

ಅಂಟುವ ಡಕ್ಟ್ ಟೇಪ್ ಸುತ್ತಿದರೆ ನರಹುಲಿ ಹೋಗುತ್ತದೆಂದು 2002ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿದಾಗ ಬಹಳ ಪ್ರಚಾರ ದೊರೆಯಿತು. ಮುಂದಿನ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಹಾನಿಯೇನೂ ಇಲ್ಲ. ಹೋಮಿಯೋಪಥಿಯ ತೂಜಾ ನಮ್ಮಲ್ಲಿ ಬಹು ಪ್ರಚಲಿತವಾಗಿದ್ದರೂ ಅದರಿಂದ ನರಹುಲಿ ಹೋಗುತ್ತದೆ ಎಂಬುದಕ್ಕೆ ನಂಬಲರ್ಹ ಪುರಾವೆ ದೊರೆತಿಲ್ಲ. ಆಯುರ್ವೇದದಲ್ಲಿ ಕದರಕ್ಕೂ ಚರ್ಮಕೀಲಕ್ಕೂ ಅಗ್ನಿಕರ್ಮ, ಕ್ಷಾರಕರ್ಮಗಳನ್ನು ಹೇಳಿದೆ. ಇವು ಶಿಕ್ಷಣ ಪಡೆದ ವೈದ್ಯರು ಆಸ್ಪತ್ರೆಯಲ್ಲಿ ಮಾಡುವ ಕ್ರಿಯೆಗಳು. ಮನೆಯಲ್ಲಿ ಊದಿನಕಡ್ಡಿಯಿಂದ ಸುಡುವುದಕ್ಕೆ ಅಗ್ನಿಕರ್ಮ ಎಂಬ ಹೆಸರು ಸಲ್ಲದು.

ಮನೆಮದ್ದುಗಳು ಮತ್ತು ಅಪಾಯಗಳು

ಸುಣ್ಣ ಮತ್ತು ಬಟ್ಟೆ ಒಗೆಯುವ ಸೋಡಾವನ್ನು ಕಲಸಿ ನರಹುಲಿಗೆ ಹಚ್ಚುವ ರೂಢಿ ಕರ್ನಾಟಕದ ಹಲವೆಡೆ ಇದೆ. ಇವೆರಡೂ ಒದ್ದೆಯಾಗಿ ಸೇರಿದಾಗ ಕಾಸ್ಟಿಕ್ ಸೋಡಾ ಉತ್ಪನ್ನವಾಗುತ್ತದೆ. ಅದು ನರಹುಲಿಯನ್ನೂ ಒಳ್ಳೆಯ ಚರ್ಮವನ್ನೂ ಭೇದವಿಲ್ಲದೆ ಸುಡುತ್ತದೆ. ಗೇರೆಣ್ಣೆಯೂ ಹಾಗೆಯೇ ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತದೆ, ಕೆಲವರಿಗೆ ಮೈತುಂಬ ಅಲರ್ಜಿಯನ್ನೂ ಉಂಟುಮಾಡುತ್ತದೆ. ಎಕ್ಕಿಗಿಡದ ಹಾಲು ಚರ್ಮವನ್ನು ಕೆರಳಿಸುವುದಲ್ಲದೆ, ಹಚ್ಚಿದ ಕೈಯಿಂದ ಕಣ್ಣು ಮುಟ್ಟಿಕೊಂಡರೆ ದೃಷ್ಟಿಗೇ ಹಾನಿ ತರಬಲ್ಲದು. ಕುದುರೆಬಾಲದ ಕೂದಲು ಕಟ್ಟುವುದು ತೊಟ್ಟಿನಂತೆ ಜೋಲುವ ಗಂಟಿಗೆ ಮಾತ್ರ ಸಾಧ್ಯ. ಅಂಗಾಲಿಗೆ ಅದು ಅನ್ವಯಿಸದು.

ಸಂತೆ ಜಾತ್ರೆಗಳಲ್ಲಿ ಆಣಿ ತೆಗೆಯುತ್ತೇವೆಂದು ಕೂರುವವರು ಒಂದೇ ಬ್ಲೇಡನ್ನು ಹಲವರಿಗೆ ಬಳಸಿದರೆ ನರಹುಲಿಯ ವೈರಾಣು ಮಾತ್ರವಲ್ಲ, ರಕ್ತದಿಂದ ಹರಡುವ ಕಾಮಾಲೆ ಮತ್ತು ಎಚ್‌ಐವಿ ಸೋಂಕುಗಳೂ ತಗಲಬಹುದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದವರು ಸಕ್ಕರೆ ಕಾಯಿಲೆಯವರು. ಮಧುಮೇಹ ಹಳೆಯದಾದಂತೆ ಪಾದದ ನರಗಳು ಸ್ಪರ್ಶವನ್ನು ಕಳೆದುಕೊಳ್ಳುತ್ತವೆ, ರಕ್ತಸಂಚಾರ ಕುಂದುತ್ತದೆ. ಕಾರ್ನ್ ಕ್ಯಾಪ್ ಹಚ್ಚಿದ ಜಾಗ ಸುಟ್ಟು ಹುಣ್ಣಾದರೂ ಅವರಿಗೆ ತಿಳಿಯುವುದಿಲ್ಲ. ಆ ಹುಣ್ಣು ಮಾಯದೆ, ಸೋಂಕು ಎಲುಬಿಗೆ ಇಳಿದು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಪ್ರಸಂಗಗಳು ಆಸ್ಪತ್ರೆಗಳಲ್ಲಿ ಹೊಸದೇನಲ್ಲ. ಕೆಲವು ರೂಪಾಯಿಗಳ ಒಂದು ಪಟ್ಟಿ ಇಂತಹ ಅನಾಹುತಕ್ಕೆ ದಾರಿಯಾಗಬಲ್ಲದು. ಮಧುಮೇಹಿಗಳು, ಕಾಲಿನ ರಕ್ತಸಂಚಾರದ ತೊಂದರೆ ಇರುವವರು, ಪಾದದಲ್ಲಿ ಸ್ಪರ್ಶಜ್ಞಾನ ಇಲ್ಲದವರು ಅಂಗಾಲಿನ ಯಾವ ಗಂಟಿಗೂ ತಾವಾಗಿ ಆಮ್ಲ ಹಚ್ಚಬಾರದು, ಬ್ಲೇಡು ತಾಗಿಸಬಾರದು. ಗರ್ಭಿಣಿಯರು ಯಾವುದೇ ನರಹುಲಿಯ ಔಷಧಿಗೆ ಮೊದಲು ವೈದ್ಯರನ್ನು ಕೇಳಬೇಕು; ಅವುಗಳಲ್ಲಿ ಪೊಡೊಫಿಲಿನ್ ಎಂಬುದು ಗರ್ಭಕ್ಕೆ ಹಾನಿಕರ.

ವೈರಾಣುವಿನ ಹೆಸರು ಮತ್ತು ಭಯ

ನರಹುಲಿ ಸಾಂಕ್ರಾಮಿಕವೆಂಬುದನ್ನು ಇಟಲಿಯ ವೈದ್ಯ ಜುಸೆಪ್ಪೆ ಚುಫೊ 1907ರಲ್ಲಿ ಪ್ರಯೋಗದಿಂದ ತೋರಿಸಿದ. ನರಹುಲಿಯನ್ನು ಅರೆದು, ಬ್ಯಾಕ್ಟೀರಿಯಾಗಳೂ ದಾಟಲಾಗದ ಸೋಸುಕದಲ್ಲಿ ಸೋಸಿದ ರಸದಿಂದಲೂ ಹೊಸ ನರಹುಲಿ ಉಂಟಾಯಿತು. ಅಂದರೆ ಕಾರಣವು ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದು. 1949ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಾಣು ಕಣ್ಣಿಗೆ ಬಿತ್ತು. ಇದೇ ವೈರಾಣು ಕುಟುಂಬದ ಬೇರೆ ಬಗೆಗಳು, ಮುಖ್ಯವಾಗಿ 16 ಮತ್ತು 18, ಗರ್ಭಕಂಠದ ಕ್ಯಾನ್ಸರಿಗೆ ಕಾರಣವೆಂದು ಕಂಡುಹಿಡಿದ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಈ ಕಾರಣದಿಂದ, ಮಗಳ ಕಾಲಿನ ನರಹುಲಿಗೆ ಎಚ್‌ಪಿವಿ ಕಾರಣವೆಂದು ಓದಿದ ತಂದೆತಾಯಿ ಗಾಬರಿಯಾಗುವುದುಂಟು. ಮನೆಯಲ್ಲಿ ಅನಗತ್ಯ ಸಂಶಯಗಳಿಗೂ ಅದು ಎಡೆಗೊಡುತ್ತದೆ. ಅಂಗಾಲಿನ ನರಹುಲಿಯನ್ನುಂಟುಮಾಡುವ ಬಗೆಗಳು ಚರ್ಮದವು. ಅವು ನೆಲದಿಂದ, ಚಪ್ಪಲಿಯಿಂದ, ಒಡಹುಟ್ಟಿದವರಿಂದ ಬರುತ್ತವೆ. ಗರ್ಭಕಂಠದ ಕ್ಯಾನ್ಸರಿಗೂ ಅವುಗಳಿಗೂ ಸಂಬಂಧವಿಲ್ಲ, ಲೈಂಗಿಕ ಸಂಪರ್ಕಕ್ಕೂ ಸಂಬಂಧವಿಲ್ಲ. ಹಾಗೆಯೇ ಹೆಣ್ಣುಮಕ್ಕಳಿಗೆ ಕೊಡುವ ಎಚ್‌ಪಿವಿ ಲಸಿಕೆ ಅಂಗಾಲಿನ ನರಹುಲಿಯನ್ನು ತಡೆಯಲೆಂದು ರೂಪಿಸಿದ್ದಲ್ಲ. ಕ್ಯಾನ್ಸರ್ ತಡೆಯಲು ಅದನ್ನು ಹಾಕಿಸುವುದು ಬೇರೆ ವಿಷಯ ಮತ್ತು ಅವಶ್ಯಕ ವಿಷಯ.

ವೈದ್ಯಕೀಯ ಸೌಲಭ್ಯ

ರೋಣ ಮತ್ತು ನರಗುಂದದಲ್ಲಿ ಸರಕಾರಿ ತಾಲೂಕು ಆಸ್ಪತ್ರೆಗಳಿವೆ; ಗಜೇಂದ್ರಗಡದಲ್ಲಿಯೂ ಸರಕಾರಿ ಆಸ್ಪತ್ರೆಯಿದೆ. ನರಹುಲಿ ಹೌದೋ ಅಲ್ಲವೋ ಎಂದು ನೋಡಿ ಹೇಳುವುದಕ್ಕೂ, ಮುಳ್ಳು ತೆಗೆಯುವುದಕ್ಕೂ, ಧನುರ್ವಾಯುವಿನ ಚುಚ್ಚುಮದ್ದಿಗೂ ಇಷ್ಟು ಸಾಕು. ಚರ್ಮರೋಗ ತಜ್ಞರ ಸಲಹೆ, ಚರ್ಮದ ಚೂರಿನ ಪರೀಕ್ಷೆ ಬೇಕಾದಾಗ ಗದಗದ ಮಲ್ಲಸಮುದ್ರದಲ್ಲಿರುವ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಅಥವಾ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಜನಜನಿತವಾಗಿರುವ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಬಹುದು. ಹೋಗುವಾಗ ಕಾಲಿಗೆ ಅರಿಸಿನ, ಸುಣ್ಣ, ಬಣ್ಣದ ಔಷಧಿ ಇತ್ಯಾದಿಗಳನ್ನು ಹಚ್ಚಿಕೊಳ್ಳದೆ, ಗಂಟನ್ನು ಹಿಂದಿನ ದಿನ ಕೆತ್ತಿಕೊಳ್ಳದೆ, ಬರಿ ತೊಳೆದುಕೊಂಡು ಹೋದರೆ ವೈದ್ಯರಿಗೆ ಗೆರೆಗಳೂ ಚುಕ್ಕೆಗಳೂ ಸ್ಪಷ್ಟವಾಗಿ ಕಾಣುತ್ತವೆ.